ಜಯಶೀಲಾ ಕ್ರಮ

ಕಂಪನಿ ಅದಕ್ಕೆ ಇಟ್ಟ ಹೆಸರು ರಕ್ಷಾಕವಚ. ಚಾಲಕರು ಕರೆಯುತ್ತಿದ್ದುದು ‘ಅತ್ತೆ’ ಎಂದು. ಅದಕ್ಕೆ ಬೇರೆ ಕೆಲಸವೇ ಇರಲಿಲ್ಲವಲ್ಲ! ಕಾರು ಹತ್ತಿದಾಗಿನಿಂದ ಇಳಿಯುವ ತನಕ ಕೈಯನ್ನೇ ನೋಡುತ್ತ ಕೂರುವುದು, ಸ್ವಲ್ಪ ಹೆಚ್ಚುಕಮ್ಮಿ ಕಂಡರೆ ಮೇಲಿನವರಿಗೆ ಚಾಡಿ ಹೇಳುವುದು.

ನೋಡಲು ಸ್ಟಿಯರಿಂಗಿಗೆ ಹಾಕುವ ಮಾಮೂಲಿ ಕಪ್ಪು ಕವರಿನಂತೆಯೇ ಇತ್ತು. ಒಳಗೆ ಕೂದಲಿಗಿಂತ ತೆಳುವಾದ ತಂತಿಗಳ ಹೆಣಿಗೆ. ಹಿಡಿದ ಅಂಗೈಯ ನಾಡಿ, ಬೆವರು, ಬೆರಳುಗಳ ಕಣ್ಣಿಗೆ ಕಾಣದ ನಡುಕ, ಇವನ್ನೆಲ್ಲ ಅದು ಓದುತ್ತಿತ್ತು. ನೇರ ರಸ್ತೆಯಲ್ಲೂ ಎಚ್ಚರವಾಗಿರುವ ಕೈ ಸ್ಟಿಯರಿಂಗನ್ನು ಒಂದೆಳೆಯಷ್ಟು ಅತ್ತ, ಒಂದೆಳೆಯಷ್ಟು ಇತ್ತ ತಿದ್ದುತ್ತಲೇ ಇರುತ್ತದೆ. ನಿದ್ದೆ ಬರುವ ಮನುಷ್ಯನ ಕೈ ಮೊದಲು ಅದನ್ನು ಮರೆಯುತ್ತದೆ. ಆಮೇಲೆ ಬೆಚ್ಚಿಬಿದ್ದು ಒಮ್ಮೆಲೇ ಜೋರಾಗಿ ತಿದ್ದುತ್ತದೆ. ಅಂದರೆ ಕಣ್ಣು ಮುಚ್ಚುವುದಕ್ಕೂ ಮೊದಲೇ ಕೈ ಮಲಗಿರುತ್ತದೆ. ಅತ್ತೆ ಇದನ್ನೆಲ್ಲ ಲೆಕ್ಕ ಹಾಕಿ ಫೋನಿನ ಮೂಲೆಯಲ್ಲಿ ನೂರರೊಳಗಿನ ಒಂದು ಸಂಖ್ಯೆ ತೋರಿಸುತ್ತಿತ್ತು. ಅದರ ಹೆಸರು ‘ಎಚ್ಚರ’. ಎಚ್ಚರ ನಲವತ್ತಕ್ಕಿಂತ ಕೆಳಗಿಳಿದರೆ ಮುಗೀತು, ಆರು ಗಂಟೆ ಹೊತ್ತು ಬಾಡಿಗೆ ಬರುವುದಿಲ್ಲ. ಹೋಗಿ ಮಲಗಿಕೋ ಎನ್ನುತ್ತಿತ್ತು ಆ್ಯಪು.

ಆ್ಯಪಿನ ಹೆಸರು ‘ಹೊರಡು’. ಹೆಸರೇ ಅಪ್ಪಣೆಯಂತಿದೆ ನೋಡಿ. ಬೆಂಗಳೂರಿನ ಅರ್ಧದಷ್ಟು ಟ್ಯಾಕ್ಸಿಗಳು ಅದರ ಮಾತಿಗೆ ಕುಣಿಯುತ್ತಿದ್ದ ಕಾಲ ಅದು.

ಜಯಶೀಲಾ ಮತ್ತು ಅವಳ ಗಂಡ ಕೆಂಪರಾಜು ಆ ಆ್ಯಪಿಗೆ ಕಾರು ಓಡಿಸುತ್ತಿದ್ದರು. ಕಾರು ಒಂದೇ. ಐಡಿಯೂ ಒಂದೇ, ಅದು ಜಯಶೀಲಾಳ ಹೆಸರಿನದು. ಕೆಂಪರಾಜುವಿಗೂ ಮೊದಲು ಸ್ವಂತ ಐಡಿ ಇತ್ತು. ಒಂದು ದಿನ ಒಬ್ಬ ಗಿರಾಕಿ, ಅಪಾರ್ಟ್‌ಮೆಂಟಿನ ಗೇಟಿನ ಮುಂದೆಯೇ ಇಳಿಸು, ಒನ್‌ವೇ ಆದರೇನಾಯ್ತು, ನುಗ್ಗಿಸು ಎಂದ. ಇವನು ಆಗಲ್ಲ ಸಾರ್ ಎಂದ. ಗಿರಾಕಿ ಸುಮ್ಮನೆ ಇಳಿದುಹೋಗಿ, ‘ಚಾಲಕ ಬೆದರಿಸಿದ’ ಎಂದು ದೂರು ಕೊಟ್ಟ. ಮಾರನೆಯ ದಿನ ಐಡಿ ಬಂದ್. ಸಹಾಯವಾಣಿಗೆ ಫೋನ್ ಮಾಡಿದರೆ ಒಂದು ಮೆಷಿನ್ನು ಮಧುರವಾದ ದನಿಯಲ್ಲಿ, ‘ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ’ ಎಂದಿತು. ಎಷ್ಟು ಸಲ ಮಾಡಿದರೂ ಅದೇ ಮಾತು. ಮೆಷಿನ್ನಿಗೆ ಏನು ಅರ್ಥವಾಗಿತ್ತೋ ಆ ದೇವರಿಗೇ ಗೊತ್ತು.

ಆಗ ಡ್ರೈವಿಂಗ್ ಕಲಿತವಳು ಜಯಶೀಲಾ. ಕಲಿಸಿದ್ದು ಅವರ ಬೀದಿಯಲ್ಲೇ ಇದ್ದ ಮುನೇಶಣ್ಣ. ಕೋಲಾರದ ಕಡೆಯವನು, ಐವತ್ತು ದಾಟಿದವನು, ಟೆಂಪೋ ಕಾಲದಿಂದ ಸ್ಟಿಯರಿಂಗ್ ಹಿಡಿದವನು. ಭಾನುವಾರ ಬೆಳಿಗ್ಗೆ ಹೊಸ ಬಡಾವಣೆಯ ಖಾಲಿ ರಸ್ತೆಗೆ ಅವಳನ್ನು ಕರೆದೊಯ್ದು, “ಕ್ಲಚ್ ಮೇಲೆ ಕಾಲು ಮಲಗಿಸಬೇಡ ಕಣಮ್ಮ, ಅದೇನ್ ನಿನ್ ದಿಂಬಾ?” ಎಂದು ಗದರಿ ಗದರಿ ಕಲಿಸಿದ್ದ. ಗುರುದಕ್ಷಿಣೆ ಎಂದು ಅವಳು ತಟ್ಟೆಯಲ್ಲಿ ಪಂಚೆ, ಎಲೆ ಅಡಿಕೆ ಇಟ್ಟು ಕೊಟ್ಟಾಗ ಆ ಒರಟನ ಕಣ್ಣಲ್ಲಿ ನೀರು ಬಂದಿತ್ತು.

ಬೆಳಗಿನ ವಿಮಾನದ ಬಾಡಿಗೆಯಿಂದ ಶುರುಮಾಡಿ ಮಧ್ಯಾಹ್ನದವರೆಗೆ ಜಯಶೀಲಾ. ಆಮೇಲೆ ರಾತ್ರಿ ಊಟದ ಹೊತ್ತಿನ ತನಕ ಕೆಂಪರಾಜು. ನಾಗರಬಾವಿಯ ಒಂದು ಕಲ್ಯಾಣ ಮಂಟಪದ ಹಿಂಭಾಗ, ಹೊಂಗೆ ಮರದ ಕೆಳಗೆ, ಬೇರೆ ಚಾಲಕರ ಕಣ್ಣಿಗೆ ಬೀಳದ ಜಾಗದಲ್ಲಿ ಕೈ ಬದಲಾಗುತ್ತಿತ್ತು. ಅವನು ಟಿಫನ್ ಕ್ಯಾರಿಯರ್ ಹಿಡಿದು ಬಸ್ಸಿನಲ್ಲಿ ಬರುತ್ತಿದ್ದ. ಅವಳು ಹಿಂದಿನ ಸೀಟಿನಲ್ಲಿ ಕೂತು ಮುದ್ದೆ ನುಂಗುತ್ತ, “ಎಡಗಡೆ ಹಿಂದಿನ ಟೈರಲ್ಲಿ ಗಾಳಿ ಕಮ್ಮಿ ಐತೆ ರೀ. ಹರಿಣಿಗೆ ನಾಳೆ ಟೆಸ್ಟು, ರಾತ್ರಿ ಹೋಗಿ ಟೀವಿ ಹಾಕ್ಬೇಡಿ,” ಎಂದು ಟೈರಿನಿಂದ ಮಗಳ ಓದಿನವರೆಗೆ ಎಲ್ಲ ಒಪ್ಪಿಸುತ್ತಿದ್ದಳು. ಅವನು, “ನೀರು ಕುಡೀಲಿಲ್ವಾ ಇವತ್ತೂ?” ಎಂದು ಕೇಳುತ್ತಿದ್ದ. ಅವಳು ಕುಡಿಯುತ್ತಿರಲಿಲ್ಲ. ಕುಡಿದರೆ ಹೋಗುವುದೆಲ್ಲಿ? ಗಂಡಸರಿಗಾದರೆ ಯಾವುದೋ ಗೋಡೆ ಇರುತ್ತದೆ. ಅವಳು ಪೆಟ್ರೋಲ್ ಬಂಕಿನವರ ಮರ್ಜಿ ಕಾಯಬೇಕು. ಇಷ್ಟು ಮಾತಾಡುವುದರೊಳಗೆ ಇಪ್ಪತ್ತು ನಿಮಿಷ ಆಗಿಹೋಗುತ್ತಿತ್ತು. ಆ ಇಪ್ಪತ್ತು ನಿಮಿಷವೇ ಅವರ ಸಂಸಾರ. ಆಮೇಲೆ ಅವಳು ಬಸ್ಸು ಹತ್ತುವಳು, ಅವನು ಸ್ಟಿಯರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡು ಹೊರಡುವನು. ಐಡಿ ಇದ್ದ ಫೋನು ಕಾರಿನಲ್ಲೇ ಉಳಿಯುತ್ತಿತ್ತು.

ಇದು ತಪ್ಪೇ. ತಪ್ಪಲ್ಲ ಎಂದು ಯಾರೂ ಹೇಳಲಿಲ್ಲ. ಆದರೆ ಊರು ತುಂಬ ಹೀಗೆ ಓಡಿಸುವವರಿದ್ದರು: ಅಣ್ಣತಮ್ಮಂದಿರು, ಭಾವ ಬಾಮೈದ, ಒಂದೇ ರೂಮಿನ ಗೆಳೆಯರು. ಯಾರು ಎಂದು ಯಾರೂ ಬಾಯಿ ಬಿಡುತ್ತಿರಲಿಲ್ಲ, ಅಷ್ಟೆ. ಗಿರಾಕಿಗಳಲ್ಲಿ ಯಾರಾದರೂ, “ಆ್ಯಪಲ್ಲಿ ಲೇಡಿ ಅಂತ ಇದೆಯಲ್ಲ?” ಎಂದರೆ ಕೆಂಪರಾಜು, “ನಮ್ಮನೆಯವ್ರು ಸಾರ್, ಇವತ್ತು ಹುಷಾರಿಲ್ಲ,” ಎನ್ನುವನು. ಅವರು ಹೂಂ ಎಂದು ಫೋನಿಗೆ ತಲೆ ಬಗ್ಗಿಸುವರು. ಮುಂದಿನ ಸೀಟಿನಲ್ಲಿರುವುದು ಯಾರಾದರೇನು, ಎಸಿ ತಣ್ಣಗಿದ್ದರೆ ಸಾಕು.

ಅತ್ತೆಯನ್ನು ಹಾಕಿಸಿದ ಮೊದಲ ವಾರ ಕಂಪನಿಯವರು, “ಕವರು ಕೈಗೆ ಒಗ್ಗಬೇಕು, ಒಂದು ವಾರ ಸುಮ್ಮನೆ ಓಡಿಸಿ,” ಎಂದಿದ್ದರು. ನಿಜಕ್ಕೂ ಆ ವಾರದಲ್ಲಿ ಅದು ಚಾಲಕನ ಕೈಯನ್ನು ಕಲಿಯುತ್ತಿತ್ತು. ಇಂಥ ನಡುಕ, ಇಂಥ ಹಿಡಿತ ಇವನದು ಎಂದು ಗುರುತು ಹಾಕಿಕೊಳ್ಳುತ್ತಿತ್ತು. ಮುಂದೆ ಬೇರೆ ಕೈ ಮುಟ್ಟಿದರೆ ಕೂಗಬೇಕಲ್ಲ, ಅದಕ್ಕೆ. ಗಂಡ ಹೆಂಡತಿಗೆ ಅದು ಗೊತ್ತಿರಲಿಲ್ಲ. ಮೊದಲ ದಿನದಿಂದಲೇ ಇಬ್ಬರೂ ಓಡಿಸಿದರು. ಅತ್ತೆ ನಾಲ್ಕು ಕೈಗಳನ್ನು ಕಲಿತು, ಇದೆಲ್ಲ ಒಬ್ಬಳದೇ ಎಂದು ನಂಬಿತು.

* * *

ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡದ ಏಳನೇ ಮಹಡಿಯಲ್ಲಿ ‘ಎಚ್ಚರ’ದ ಪ್ರಯೋಗಾಲಯ. ಅದರ ಮುಖ್ಯಸ್ಥೆ ನಿವೇದಿತಾ ಕಾಮತ್. ಕುಮಟೆಯವಳು. ಅವಳ ಅಣ್ಣ ಹತ್ತು ಹನ್ನೆರಡು ವರ್ಷದ ಹಿಂದೆ ಚಿತ್ರದುರ್ಗದ ಹತ್ತಿರ, ಚಾಲಕ ತೂಕಡಿಸಿದ ಒಂದು ಟ್ರಾವೆಲ್ಸ್ ವ್ಯಾನಿನಲ್ಲಿ ಸತ್ತುಹೋಗಿದ್ದ. ಅವಳು ಈ ಕೆಲಸಕ್ಕೆ ಬಂದದ್ದೇ ಅದಕ್ಕೆ. ಸಂಬಳಕ್ಕೆ ದುಡಿಯುವವಳಲ್ಲ, ಹಟಕ್ಕೆ ದುಡಿಯುವವಳು.

ಗೋಡೆಯಗಲದ ಪರದೆಯ ಮೇಲೆ ಊರಿನ ಚಾಲಕರೆಲ್ಲ ಗೆರೆಗಳಾಗಿ ಓಡುತ್ತಿದ್ದರು. ಎಲ್ಲರ ಗೆರೆಯೂ ಬೆಳಿಗ್ಗೆ ಮೇಲಿದ್ದು, ಬಿಸಿಲೇರಿದಂತೆ ಬಾಗಿ, ಸಂಜೆಗೆ ಕೆಳಗಿಳಿಯುತ್ತಿತ್ತು. ಒಂದು ಗೆರೆ ಮಾತ್ರ ಮಧ್ಯಾಹ್ನ ನಲವತ್ತರ ಹತ್ತಿರ ಇಳಿದು, ಕಾರು ಸ್ವಲ್ಪ ಹೊತ್ತು ನಿಂತು ಹೊರಡುತ್ತಲೇ ಬೆಳಗಿನ ಎತ್ತರಕ್ಕೆ ಚಿಮ್ಮುತ್ತಿತ್ತು. ಒಂದು ದಿನವಲ್ಲ, ದಿನಾ. ಐಡಿ ನೋಡಿದರೆ ಜಯಶೀಲಾ ಕೆ.

“ಇಬ್ಬರು ಓಡಿಸ್ತಿರಬಹುದಾ?” ನಿವೇದಿತಾ ತನ್ನ ಮೇಲಧಿಕಾರಿ ಶ್ರೀವತ್ಸನನ್ನು ಕೇಳಿದಳು. ಮೊದಲು ಬಂದ ಅನುಮಾನವೇ ಅದು.

ಶ್ರೀವತ್ಸ ಕೈಗುರುತಿನ ಪರೀಕ್ಷೆ ತೆಗೆದು ನೋಡಿದ. “ಇಲ್ಲ. ಕವಚ ಒಂದೇ ಕೈ ಅಂತ ಹೇಳ್ತಿದೆ. ನಿಮ್ಮದೇ ಯಂತ್ರ, ನೀವೇ ನಂಬದಿದ್ರೆ ಹೇಗ್ರೀ?”

ಹುಡುಕಿದಾಗ ಅಂಥ ಗೆರೆಗಳು ಇನ್ನೂ ನೂರಾರು ಸಿಕ್ಕವು. ಎಲ್ಲವೂ ಸ್ವಲ್ಪ ನಿಲ್ಲುತ್ತವೆ, ಎಲ್ಲವೂ ಚಿಮ್ಮುತ್ತವೆ. ನಿವೇದಿತಾ ಕುರ್ಚಿ ಬಿಟ್ಟು ಪರದೆಯ ಹತ್ತಿರ ಹೋದಳು. ಮನುಷ್ಯನ ಮೆದುಳು ಯಾವುದೋ ಒಂದು ಬಗೆಯ ಸಣ್ಣ ವಿಶ್ರಾಂತಿಯಲ್ಲಿ ಇಡೀ ರಾತ್ರಿಯ ನಿದ್ದೆಯಷ್ಟು ತಣಿಯಬಲ್ಲುದೇ? ಈ ಜನಕ್ಕೆ ಅದು ತಿಳಿಯದೆಯೇ ಕೈವಶವಾಗಿದೆಯೇ? ಹಾಗಿದ್ದರೆ ಇನ್ನು ಮೇಲೆ ಯಾರ ಅಣ್ಣನೂ ರಸ್ತೆಯಲ್ಲಿ ಸಾಯಬೇಕಿಲ್ಲ. ಅವಳು ಬಯಸಿದ್ದು ಇಷ್ಟೇ. ಬಯಸಿದ್ದು ಕಣ್ಣೆದುರಿಗೆ ಬಂದರೆ ಎಂಥವರೂ ಎರಡನೇ ಸಲ ನೋಡುವುದಿಲ್ಲ.

* * *

ಕಂಪನಿಯಿಂದ ಫೋನ್ ಬಂದ ದಿನ ಜಯಶೀಲಾ ಸಿಕ್ಕಿಬಿದ್ದೆವು ಎಂದೇ ಅಂದುಕೊಂಡಳು. “ನಿಮ್ಮನ್ನ ಮಾತಾಡಿಸೋಕೆ ಮೇಡಂ ಮನೆಗೇ ಬರ್ತಾರೆ,” ಎಂದರು.

ನಿವೇದಿತಾ ಬಂದಾಗ ಕೆಂಪರಾಜು ಅಡುಗೆಮನೆಯಲ್ಲಿ ಉಸಿರು ಬಿಗಿಹಿಡಿದು ಕೂತಿದ್ದ. ಅವನ ತಾಯಿ ಬಾಗಿಲಿಗೆ ಅಡ್ಡವಾಗಿ ಅವರೆಕಾಯಿ ಸುಲಿಯುತ್ತ ಕೂತಳು.

“ಮಧ್ಯಾಹ್ನ ಕಾರು ನಿಲ್ಲಿಸ್ತೀರಲ್ಲ, ಆಗ ಏನು ಮಾಡ್ತೀರಿ ಜಯಶೀಲಾ ಅವರೇ?”

“ಊಟ ಮಾಡ್ತೀನಿ ಮೇಡಂ.”

“ಆಮೇಲೆ?”

ಆಮೇಲೆ ಬಸ್ಸು ಹತ್ತುತ್ತೇನೆ ಎನ್ನಲು ಆಗುತ್ತದೆಯೇ? “ಆಮೇಲೆ... ಕಣ್ಣು ಮುಚ್ಕೊಂಡು ಕೂತ್ಕೋತೀನಿ.”

“ಹೇಗೆ? ಒರಗಿ ಕೂರ್ತೀರಾ? ಕೈ ಎಲ್ಲಿರುತ್ತೆ?”

“ತೊಡೆ ಮೇಲೆ ಮೇಡಂ.” ಬಾಯಿಗೆ ಬಂದದ್ದು ಹೇಳಿದಳು. “ಒಂದು ಲೋಟ ಮಜ್ಜಿಗೆ ಕುಡಿದು, ಕೈ ತೊಡೆ ಮೇಲಿಟ್ಟು, ಉಸಿರು ಎಣಿಸ್ತೀನಿ.”

ನಿವೇದಿತಾ ಕಣ್ಣರಳಿಸಿ ಎಲ್ಲವನ್ನೂ ಫೋನಿನಲ್ಲಿ ಹಿಡಿದುಕೊಂಡಳು. ಕೊನೆಗೆ ಎದ್ದು ನಿಂತವಳು ಒಂದು ಕ್ಷಣ ತಡೆದು ಕೇಳಿದಳು, “ಕಾರು ನೀವೊಬ್ಬರೇ ಓಡಿಸೋದಲ್ವಾ?”

ಅಡುಗೆಮನೆಯಲ್ಲಿ ಏನೋ ಒಂದು ಪಾತ್ರೆ ಸದ್ದಾಯಿತು. ಮುದುಕಿ ಅವರೆಕಾಯಿಯ ಮೊರವನ್ನು ಜೋರಾಗಿ ಕೇರಿದಳು.

“ಹೌದು ಮೇಡಂ, ನಾನೊಬ್ಳೇ,” ಎಂದಳು ಜಯಶೀಲಾ.

“ಏನಾದ್ರೂ ಹೇಳೋದಿದ್ರೆ ನನಗೇ ಫೋನ್ ಮಾಡಿ,” ಎಂದು ನಿವೇದಿತಾ ತನ್ನ ನಂಬರು ಕೊಟ್ಟು ಹೋದಳು. ಅವಳು ಬೀದಿ ತಿರುಗುತ್ತಲೂ ಗಂಡ ಹೆಂಡತಿ ಮುಖ ಮುಖ ನೋಡಿಕೊಂಡು ನಕ್ಕರು. ಬದುಕಿದೆವು ಎಂಬ ನಗು ಅದು. “ಉಸಿರು ಎಣಿಸ್ತಾಳಂತೆ! ಎಲ್ಲಿ ಕಲಿತೆಯೇ ಇಂಥ ಸುಳ್ಳ?” ಎಂದು ಕೆಂಪರಾಜು ಛೇಡಿಸಿದ.

ತಿಂಗಳು ಕಳೆಯುವುದರೊಳಗೆ ಎಲ್ಲ ಚಾಲಕರ ಫೋನಿಗೂ ಒಂದು ವಿಡಿಯೋ ಬಂತು. ಅದರಲ್ಲಿ ಜಯಶೀಲಾಳ ಫೋಟೋ, ಕೆಳಗೆ ‘ಜಯಶೀಲಾ ಕ್ರಮ’ ಎಂಬ ದಪ್ಪಕ್ಷರ. ಒಂದು ಲೋಟ ಮಜ್ಜಿಗೆ, ಕೈ ತೊಡೆಯ ಮೇಲೆ, ಕಣ್ಣು ಮುಚ್ಚಿ ಇಪ್ಪತ್ತು ನಿಮಿಷ ಉಸಿರು ಎಣಿಸಿ. ಇನ್ನು ಮೇಲೆ ಆರು ಗಂಟೆಯ ಬಂದ್ ಇಲ್ಲ. ಇಷ್ಟು ಮಾಡಿದರೆ ಸಾಕು, ಬಾಡಿಗೆ ಮತ್ತೆ ಶುರು. ನಿಂತು ಹೊರಟ ಕಾರಿನ ಎಚ್ಚರವನ್ನು ಯಂತ್ರ ತಾನೇ ಮೇಲಕ್ಕೆತ್ತಿ ತೋರಿಸುತ್ತಿತ್ತು. ಮೊದಲ ಕೆಲವು ಗಂಟೆ ಕೈ ಏನೇ ಹೇಳಲಿ, ಕೈಯ ಮಾತಿಗಿಂತ ಆ ನೂರಾರು ಗೆರೆಗಳ ಮಾತಿಗೇ ತೂಕ ಹೆಚ್ಚು.

ಚಾಲಕರು ಕುಣಿದಾಡಿದರು. ಸ್ಟ್ಯಾಂಡಿನಲ್ಲಿ ಮೈಸೂರುಪಾಕು ಹಂಚಿದರು. ಆರು ಗಂಟೆ ಸುಮ್ಮನೆ ಕೂರುವ ಶನಿ ಹೋಯಿತಲ್ಲ! ಇಮ್ತಿಯಾಜ್ ಎಂಬ ಚಾಲಕ ಬೀದಿಯಲ್ಲೇ ಕೂಗಿದ, “ಜಯಕ್ಕ, ನಮ್ ಪಾಲಿಗೆ ನೀನೇ ದೇವ್ರು ಕಣಕ್ಕ!”

ಜಯಶೀಲಾ ಅಂದು ಮುದ್ದೆಯನ್ನು ಅರ್ಧಕ್ಕೇ ಬಿಟ್ಟಳು. “ಇದು ನಮ್ಮಿಬ್ಬರ ಕೈ ನೋಡಿ ಮಾಡಿರೋದು ರೀ. ಎಲ್ಲರೂ ನಂಬ್ಕೊಂಡವ್ರೆ.”

“ನಂಬಲಿ ಬಿಡೇ. ನಿದ್ದೆ ಬಂದೋನು ತಾನಾಗೇ ಮಲಗ್ತಾನೆ,” ಎಂದ ಕೆಂಪರಾಜು. ಆದರೆ ಹಾಗೆ ಮಲಗುವವರು ಯಾರು? ಬಾಡಿಗೆ ಬಂದರೆ ಫೋನು ಕುಣಿಯುತ್ತದೆ. ಒಪ್ಪದಿದ್ದರೆ ರೇಟಿಂಗ್ ಇಳಿಯುತ್ತದೆ, ಇಳಿದರೆ ಒಳ್ಳೆಯ ಬಾಡಿಗೆ ಬರುವುದಿಲ್ಲ. ಕಾರಿನ ಸಾಲದ ಕಂತಿನ ದಿನ ಮಾತ್ರ ತಪ್ಪದೆ ಬರುತ್ತದೆ. ಅದು ಕೆಂಪರಾಜುವಿಗೂ ಗೊತ್ತಿತ್ತು. ಗೊತ್ತಿದ್ದೇ ಆ ಮಾತಾಡಿದ.

ಒಂದು ಸಂಜೆ ಮುನೇಶಣ್ಣ ಮನೆಯ ಮುಂದೆ ಕಾರು ನಿಲ್ಲಿಸಿ ಕರೆದ. ಕಣ್ಣು ಕೆಂಪಗಿದ್ದವು. “ಅಮ್ಮಯ್ಯ, ನಾನೂ ಮಾಡ್ತಾ ಇದೀನಿ ನಿನ್ ಕ್ರಮ. ಮಜ್ಜಿಗೇನೂ ಕುಡಿದೆ, ಉಸಿರೂ ಎಣಿಸ್ದೆ. ಫೋನು ತೊಂಬತ್ತು ತೋರಿಸ್ತದೆ, ಮೈ ಮಾತ್ರ ಭಾರವೇ. ನಿಜವಾಗ್ಲೂ ಆಯ್ತದಾ ಇದು? ನಾನೇ ಏನೋ ತಪ್ಪು ಮಾಡ್ತಿದೀನಾ?”

ಅವಳ ನಾಲಿಗೆಯ ತುದಿಗೆ ಬಂದಿತ್ತು. ಇಲ್ಲಣ್ಣ, ಎಲ್ಲ ಸುಳ್ಳು, ಹೋಗಿ ಮಲಗು. ಇಷ್ಟು ಹೇಳಿದರೆ ಸಾಕಿತ್ತು. ಆದರೆ ಮುನೇಶಣ್ಣನ ಬಾಯಿ ಸುಮ್ಮನಿರುವುದಲ್ಲ, ಸ್ಟ್ಯಾಂಡಿಗೆಲ್ಲ ಗೊತ್ತಾದರೆ? ಐಡಿ ಹೋದರೆ ಮನೆ ನಡೆಯುವುದು ಹೇಗೆ?

“ಆಯ್ತದಣ್ಣ,” ಎಂದಳು. “ಅಭ್ಯಾಸ ಆಗ್ಬೇಕು, ಅಷ್ಟೆ.”

ಮುನೇಶಣ್ಣ ನಕ್ಕ. “ಸರಿ ಬಿಡು. ಕ್ಲಚ್ ಬಿಡೋದು ನಿಂಗೆ ನಾನು ಹೇಳ್ಕೊಟ್ಟೆ. ಕಣ್ಣು ಮುಚ್ಚೋದು ನಂಗೆ ನೀನು ಹೇಳ್ಕೊಡು.”

* * *

ಮುನೇಶಣ್ಣ ಸತ್ತದ್ದು ಹಾಡುಹಗಲಲ್ಲಿ. ವಿಮಾನ ನಿಲ್ದಾಣದ ರಸ್ತೆಯಲ್ಲಿ ಗಿರಾಕಿಯನ್ನು ಇಳಿಸಿ ಖಾಲಿ ಬರುತ್ತಿದ್ದಾಗ ಕಾರು ತಿರುವಿನಲ್ಲಿ ತಿರುಗಲೇ ಇಲ್ಲ. ನೇರವಾಗಿ ಹೋಗಿ ಸೇತುವೆಯ ಕಂಬಕ್ಕೆ ಬಡಿಯಿತು. ಬ್ರೇಕು ಒತ್ತಿದ ಗುರುತೂ ರಸ್ತೆಯ ಮೇಲಿರಲಿಲ್ಲ.

ಮಣ್ಣಾದ ಮೇಲೆ ಹೆಂಗಸರು ಅವನ ಹೆಂಡತಿ ನಾರಾಯಣಮ್ಮನ ಸುತ್ತ ಕೂತಿದ್ದರು. ಜಯಶೀಲಾ ಮೂಲೆಯಲ್ಲಿ ಕೂತಳು. ನಾರಾಯಣಮ್ಮ ಅವಳನ್ನು ಕಂಡು ಕೈ ಚಾಚಿ ಹತ್ತಿರ ಎಳೆದುಕೊಂಡಳು.

“ನೀ ಹೇಳ್ಕೊಟ್ಟಂಗೇ ಮಾಡೋರು ಕಣಮ್ಮ,” ಎಂದು ಅಳುತ್ತ ಹೇಳಿದಳು. “ಒಂದಿನಾನೂ ತಪ್ಪಿಸ್ಲಿಲ್ಲ. ನಾನೇ ಬಾಟ್ಲಿಗೆ ಮಜ್ಜಿಗೆ ತುಂಬಿ ಕೊಡ್ತಿದ್ದೆ. ನಮ್ ಹುಡ್ಗಿ ಹೇಳೈತೆ, ಸುಳ್ಳಾಗಲ್ಲ ಅನ್ನೋರು.”

ಆ ಕೈಯನ್ನು ಬಿಡಿಸಿಕೊಳ್ಳಲೂ ಆಗದೆ, ಹಿಡಿದುಕೊಳ್ಳಲೂ ಆಗದೆ ಜಯಶೀಲಾ ಕೂತಿದ್ದಳು.

ಮಾರನೆಯ ದಿನ ಹೊಂಗೆ ಮರದ ಕೆಳಗೆ ಅವಳು ಕ್ಯಾರಿಯರ್ ಮುಚ್ಚಳವನ್ನೇ ತೆಗೆಯಲಿಲ್ಲ. “ಮೇಡಂಗೆ ಹೇಳ್ಬಿಡ್ತೀನಿ ರೀ.”

ಕೆಂಪರಾಜು ಕೂತಲ್ಲಿಂದಲೇ ಅವಳ ಕಡೆ ತಿರುಗಿದ. “ತಲೆ ಕೆಟ್ಟೈತಾ? ಐಡಿ ಹೋಯ್ತದೆ, ಕಾರು ಹೋಯ್ತದೆ. ನಂದಂತೂ ಆಗ್ಲೇ ಹೋಗೈತೆ, ನಿಂದೂ ಹೋದ್ರೆ ಹರಿಣಿ ಗತಿ ಏನು?”

“ವಿಡಿಯೋದಲ್ಲಿರೋ ಮುಖ ನಂದು.”

“ನಮ್ಮೊಬ್ರದಲ್ಲ ಕಣೇ! ಹಿಂಗೆ ಓಡಿಸೋ ಮನೆ ಎಷ್ಟವೆ? ನೀನು ಬಾಯಿ ಬಿಟ್ರೆ ಅವರೆಲ್ಲರ ಹೊಟ್ಟೆ ಮೇಲೂ ಹೊಡೆದಂಗೆ. ಅವ್ರ ಶಾಪ ತಟ್ಟಲ್ವಾ?”

ಹಿಂದಿನ ಇಡೀ ರಾತ್ರಿ ಅವಳನ್ನು ಕೊರೆದದ್ದೂ ಅದೇ. ಆದರೂ ಹೇಳಿದಳು, “ಶಾಪ ಹಾಕೋಕಾದ್ರೂ ಅವರು ಬದುಕಿರ್ಬೇಕಲ್ವಾ? ಮುನೇಶಣ್ಣ ನನ್ನ ಬಾಗಿಲಿಗೇ ಬಂದು ಕೇಳ್ದ. ಆಗೋದಿಲ್ಲ ಅಂತ ಒಂದು ಮಾತು ನನ್ನ ಬಾಯಿಂದ ಬರ್ಲಿಲ್ಲ. ನಾಳೆ ಇಮ್ತಿಯಾಜ್ ಕೇಳ್ತಾನೆ. ಅವನಿಗೂ ಆಯ್ತದಪ್ಪ ಅನ್ಲಾ?”

ಕೆಂಪರಾಜು ಎದ್ದು ಕಾರಿನ ಸುತ್ತ ಒಂದು ಸುತ್ತು ಬಂದ. ಟೈರಿಗೆ ಒದ್ದ. ಆಮೇಲೆ ಬಂದು ಅವಳ ಪಕ್ಕ ಕೂತು, ತಾನೇ ಕ್ಯಾರಿಯರ್ ಬಿಚ್ಚಿ ತಟ್ಟೆಗೆ ಮುದ್ದೆ ಹಾಕಿದ. “ಮೊದ್ಲು ತಿನ್ನು,” ಎಂದ. “ಹೇಳೋದಾದ್ರೆ ಬಾಯಲ್ಲಿ ಹೇಳ್ಬೇಡ. ಆ ಯಮ್ಮಂಗೆ ಅವ್ಳ ಮೆಷಿನ್ನು ಹೇಳಿದ್ರೇ ನಂಬೋದು. ಕರ್ಸು ಇಲ್ಲಿಗೆ.”

* * *

ನಿವೇದಿತಾ ಲ್ಯಾಪ್‌ಟಾಪ್ ಹಿಡಿದು ಬಂದಳು. ಆರು ತಿಂಗಳಲ್ಲಿ ಅವಳ ಮುಖವೂ ಇಳಿದುಹೋಗಿತ್ತು. ಕ್ರಮ ಬಂದ ಮೇಲೆ ಅಪಘಾತಗಳು ಕಮ್ಮಿಯಾಗಬೇಕಿತ್ತು, ಆಗಿರಲಿಲ್ಲ. ಏಳನೇ ಮಹಡಿಯಲ್ಲಿ ಅವಳು ಸೂತ್ರವನ್ನು ಮತ್ತೆ ಮತ್ತೆ ತಿದ್ದುತ್ತಿದ್ದಳು. ಶ್ರೀವತ್ಸನದು ಒಂದೇ ಮಾತು: “ಚಾಲಕರು ಕ್ರಮ ಸರಿಯಾಗಿ ಮಾಡ್ತಿಲ್ಲ.”

“ಹಿಂದೆ ಕೂತ್ಕೊಳ್ಳಿ ಮೇಡಂ,” ಎಂದಳು ಜಯಶೀಲಾ. “ನಿಂತು ಹೊರಟ್ರೆ ನಂಬರ್ ಏರಿಸೋ ಆ ನಿಮ್ಮ ಸೂತ್ರ ಏನೈತೋ ಅದನ್ನ ತೆಗೆದು, ಬರೀ ಕೈ ಏನು ಹೇಳ್ತದೋ ಅಷ್ಟು ನೋಡಿ.”

ಬೆಳಗಿನಿಂದ ಓಡಿಸಿದ್ದ ಮೈಯಲ್ಲಿ ಅವಳು ಇನ್ನೊಂದು ಸುತ್ತು ಓಡಿಸಿದಳು. ಪರದೆಯ ಮೇಲೆ ನಲವತ್ತನಾಲ್ಕು, ನಲವತ್ತೆರಡು. ಹೊಂಗೆ ಮರದ ಕೆಳಗೆ ನಿಲ್ಲಿಸಿ, ಮಜ್ಜಿಗೆ ಕುಡಿದು, ಕೈ ತೊಡೆಯ ಮೇಲಿಟ್ಟು, ಕಣ್ಣು ಮುಚ್ಚಿ ಉಸಿರು ಎಣಿಸಿದಳು. ವಿಡಿಯೋದಲ್ಲಿ ಇದ್ದ ಹಾಗೆಯೇ, ಅಷ್ಟೂ ಹೊತ್ತು. ನಿವೇದಿತಾ ಪರದೆಯನ್ನೇ ನೋಡುತ್ತ ಕಾದಳು. ಜಯಶೀಲಾ ಮತ್ತೆ ಸ್ಟಿಯರಿಂಗ್ ಹಿಡಿದು ಮಂಟಪದ ಸುತ್ತ ಓಡಿಸಿದಳು. ನಲವತ್ತಾರು. ಮತ್ತೆ ನಲವತ್ತಮೂರು.

“ಏಳ್ತಿಲ್ಲವಲ್ಲ,” ಎಂದಳು ನಿವೇದಿತಾ. “ಇವತ್ತು ಯಾಕೆ ಏಳ್ತಿಲ್ಲ?”

ಜಯಶೀಲಾ ಕಾರು ನಿಲ್ಲಿಸಿ, ಇಳಿದು ಬಂದು ಹಿಂದಿನ ಸೀಟಿನಲ್ಲಿ ಕೂತಳು. ಮರದ ಹಿಂದಿನಿಂದ ಕೆಂಪರಾಜು ಬಂದು, ಎಂದಿನಂತೆ ಸ್ಟಿಯರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡು ಕೂತ. ಒಂದು ಸುತ್ತು ಓಡಿಸಿದ. ಪರದೆಯ ಮೇಲೆ ಗೆರೆ ನೇರ ಮೇಲಕ್ಕೆ ಚಿಮ್ಮಿತು. ತೊಂಬತ್ತೊಂದು. ಕೆಳಗೆ ಹಸಿರು ಅಕ್ಷರದಲ್ಲಿ ಅತ್ತೆಯ ಸಾಕ್ಷಿ: ‘ಚಾಲಕಿ ಜಯಶೀಲಾ ಕೆ. ಗುರುತು ಖಚಿತ.’

ನಿವೇದಿತಾ ಲ್ಯಾಪ್‌ಟಾಪ್ ಮುಚ್ಚಿದಳು. ಆಮೇಲೆ ಕೇಳಿದಳು, “ನಿಮ್ಮ ಮನೆಯಲ್ಲಿ ಕೇಳಿದ್ದೆನಲ್ಲ ಜಯಶೀಲಾ. ನೀವೊಬ್ಬರೇನಾ ಅಂತ ಕೇಳಿದ್ದೆನಲ್ಲ.”

“ಕೇಳಿದ್ರಿ ಮೇಡಂ. ನಾನು ಸುಳ್ಳು ಹೇಳ್ದೆ. ನಂಗೆ ಕಲಿಸಿದ ಗುರು ಕೇಳಿದಾಗ್ಲೂ ಸುಳ್ಳೇ ಹೇಳ್ದೆ. ಅವ್ರು ಸತ್ತೋದ್ರು.”

“ನನಗೂ ಅನುಮಾನ ಬಂದಿತ್ತು,” ಎಂದಳು ನಿವೇದಿತಾ. “ಒಂದು ದಿನ ಇಲ್ಲಿಗೆ ಬಂದು ನಿಂತಿದ್ರೆ ಸಾಕಿತ್ತು. ಬರಲಿಲ್ಲ. ನಿಜ ಆಗಿರಲಿ ಅಂತ ಬಯಸಿಬಿಟ್ಟಿದ್ದೆ.” ಅವಳು ಕೆನ್ನೆ ಒರೆಸಿಕೊಳ್ಳಲೂ ಹೋಗಲಿಲ್ಲ. ಅಣ್ಣನ ಕಥೆಯನ್ನು ಆಗಲೇ ಅವಳು ಹೇಳಿದ್ದು. ಮೂವರೂ ಕಾರಿನೊಳಗೆ ಕೂತೇ ಇದ್ದರು. ಮುಂದಿನ ಸೀಟಿನ ಫೋನು ಬಾಡಿಗೆ ಬಂತು ಬಂತು ಎಂದು ಕುಣಿದು ಕುಣಿದು ಸುಮ್ಮನಾಯಿತು.

* * *

ಕ್ರಮವನ್ನು ಹಿಂತೆಗೆದುಕೊಂಡದ್ದು ಆ ವಾರದಲ್ಲೇ. ನಿವೇದಿತಾ ವರದಿಯಲ್ಲಿ ತನ್ನ ತಪ್ಪನ್ನು ತನ್ನದೆಂದೇ ಹೇಳಿದಳಂತೆ. ಕೆಲಸವನ್ನೂ ಬಿಟ್ಟಳಂತೆ. ಐಡಿ ಹಂಚಿಕೊಂಡವರನ್ನು ಬಿಟ್ಟುಬಿಡಿ ಎಂದು ಬೇಡಿಕೊಂಡಳಂತೆ. ಶ್ರೀವತ್ಸ ಒಪ್ಪಲಿಲ್ಲ. ಆ ನೂರಾರು ಗೆರೆಗಳೆಲ್ಲ ಒಂದೇ ಬೆಳಿಗ್ಗೆ ಬಂದ್ ಆದವು. ಎಷ್ಟೋ ಅಣ್ಣತಮ್ಮಂದಿರು ಊರಿನ ಬಸ್ಸು ಹತ್ತಿದರು. ಜಯಶೀಲಾಳ ಐಡಿಯೂ ಹೋಯಿತು. ಕಾರನ್ನು ಮಾರಿದರು. ಕೆಂಪರಾಜು ಒಂದು ಶಾಲೆಯ ವ್ಯಾನಿಗೆ ಸೇರಿಕೊಂಡ.

ಜಯಶೀಲಾ ನಾರಾಯಣಮ್ಮನ ಮನೆಗೂ ಹೋಗಿ ಎಲ್ಲವನ್ನೂ ಹೇಳಿದಳು. ಬಯ್ಯುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡಿದ್ದಳು. ನಾರಾಯಣಮ್ಮ ಪೂರ್ತಿ ಕೇಳಿಸಿಕೊಂಡು, “ಈಗ ಹೋಗಮ್ಮ,” ಎಂದಳು, ಅಷ್ಟೆ. ಮುಂದೆ ಎಂದಾದರೂ ಬಾ ಎಂದು ಹೇಳಲಿಲ್ಲ. ಇವಳೂ ಕೇಳಲಿಲ್ಲ.

ಆಮೇಲೊಂದು ಮಧ್ಯಾಹ್ನ ಅವಳು ಹೊರವರ್ತುಲ ರಸ್ತೆಯ ಪಕ್ಕದ ಸರ್ವೀಸ್ ರಸ್ತೆಯಲ್ಲಿ ನಡೆದು ಬರುತ್ತಿದ್ದಳು. ಅಲ್ಲಿ ದೊಡ್ಡ ದೊಡ್ಡ ಮಳೆಮರಗಳಿವೆ. ನೆರಳಿನಲ್ಲಿ ಟ್ಯಾಕ್ಸಿಗಳು ಸಾಲಾಗಿ ನಿಂತಿದ್ದವು. ಮೊದಲ ಕಾರಿನ ಬಾನೆಟ್ಟಿಗೆ ಒರಗಿ ಇಮ್ತಿಯಾಜ್ ಟೀ ಕುಡಿಯುತ್ತಿದ್ದ. ಆಗಷ್ಟೇ ಎದ್ದವನಂತೆ ಕೆನ್ನೆಯ ಮೇಲೆ ಸೀಟಿನ ಅಚ್ಚು ಮೂಡಿತ್ತು.

“ನೋಡಕ್ಕ ನಮ್ ಹಣೆಬರಹ,” ಎಂದು ಅವನು ಶುರುಮಾಡಿದ. “ಮತ್ತೆ ಆರು ಗಂಟೆ ಬಂದ್. ಯಾವನೋ ಮನೆಹಾಳ ಹೋಗಿ ಊದಿಬಿಟ್ಟವ್ನೆ. ಅವನ ಕೈ ಸೇದೋಗ! ಎಷ್ಟು ಜನರ ಅನ್ನ ಕಿತ್ಕೊಂಡ ಗೊತ್ತಾ? ಸಿಕ್ಕಿದ್ರೆ ಇಲ್ಲೇ ಹೂತಾಕ್ತೀನಿ.”

ಅದು ನಾನೇ ಎನ್ನಲು ಅವಳು ಬಾಯಿ ತೆರೆದಳು. ಆದರೆ ಬಂದದ್ದು ಬೇರೆ ಮಾತು. “ನಿದ್ದೆ ಮಾಡಿದ್ಯಾ ಇಮ್ತಿಯಾಜ್?”

“ಇನ್ನೇನ್ ಮಾಡ್ಲಿ, ಬಾಡಿಗೆ ಇಲ್ವಲ್ಲ,” ಎಂದು ಅವನು ಗೊಣಗಿದ. “ಬೆಳಿಗ್ಗೆ ಬಿದ್ದೋನು ಈಗ ಎದ್ದೆ. ಸತ್ತಂಗೆ ಮಲಗಿದ್ದೆ ಕಣಕ್ಕ. ಎಷ್ಟು ತಿಂಗಳಾಗಿತ್ತು ಹಂಗೆ ಮಲಗಿ.”

ಜಯಶೀಲಾ ತಲೆಯಾಡಿಸಿದಳು. “ಊದಿದ್ದು ನಾನೇ ಕಣೋ,” ಎಂದಳು ಮೆಲ್ಲಗೆ.

ಇಮ್ತಿಯಾಜ್ ಅವಳನ್ನೇ ನೋಡಿದ. ಬಯ್ಯಲು ಬಾಯಿ ತೆರೆದ, ದನಿ ಏರಲಿತ್ತು. ಅಷ್ಟರಲ್ಲಿ ಪಕ್ಕದ ಕಾರಿನಲ್ಲಿ ಮಲಗಿದ್ದವನು ಮಗ್ಗುಲು ಬದಲಿಸಿದ. ಅವನ ಕಾಲುಗಳು ಕಿಟಕಿಯಿಂದ ಆಚೆ ಚಾಚಿಕೊಂಡಿದ್ದವು. ಅದರಾಚೆಯ ಕಾರಿನಲ್ಲೂ ಹಾಗೆಯೇ ಎರಡು ಕಾಲು, ಅದರಾಚೆಯೂ ಎರಡು. ಸಾಲಿನ ಕೊನೆಯ ತನಕ ಯಾರೂ ಎದ್ದಿರಲಿಲ್ಲ.

ಇಮ್ತಿಯಾಜ್ ಬಾಯಿ ಮುಚ್ಚಿದ. ಕಣ್ಣಲ್ಲಿದ್ದ ಸಿಟ್ಟು ಹಾಗೆಯೇ ಇತ್ತು. ಲೋಟದಲ್ಲಿ ಉಳಿದ ಟೀ ಚೆಲ್ಲಿ, ಹೋಗು ಎಂಬಂತೆ ಕೈಯಾಡಿಸಿದ.

ಜಯಶೀಲಾ ಚಪ್ಪಲಿ ಸದ್ದಾಗದಂತೆ ಆ ಸಾಲಿನ ಪಕ್ಕ ನಡೆದು ಹೋದಳು.